ಒಗೆಯುವ ಕೋಣೆಯ ಸುಳ್ಳು ಹಸಿರು

ಫೆಬ್ರವರಿ 2, ಸೋಮವಾರ

ಬಿಳಿ ಬಟ್ಟೆ ಅರವತ್ತು ಡಿಗ್ರಿಗೆ ಹಾಕಿ ಮೇಲೆ ಬಂದೆ. ಬಣ್ಣದ್ದು ಎರಡನೇ ಮೆಶಿನ್‌ನಲ್ಲಿ. ಒಣಗಿಸುವ ಬೀರುವಿನ ಜಾಲರಿ ತುಂಬ ಯಾರದೋ ನಾಯಿಯ ಕೂದಲು. ಈ ಕಟ್ಟಡದಲ್ಲಿ ಯಾರೂ ನಾಯಿ ಸಾಕಿಲ್ಲ. ಇರಲಿ.

ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದೇ ಒಗೆಯುವ ಕೋಣೆ, ಸಮಯ ಬುಕ್ ಮಾಡಿಯೇ ಇಳಿಯಬೇಕು. ಅದರ ಬಾಗಿಲಿಗೆ ಹೊಸ ಚೀಟಿ. ಎರಡನೇ ಮಹಡಿಯ ಗುನ್ವೋರ್ ಅವರ ದುಂಡು ಅಕ್ಷರ, ಗೆರೆ ಹಾಳೆ, ನಾಲ್ಕು ಮೂಲೆಗೂ ಟೇಪು. 'ಬೇರೆಯವರ ಸಮಯ ಕದಿಯುವವರ ಗಮನಕ್ಕೆ: ನೀವು ಯಾರೆಂದು ನಮಗೆಲ್ಲ ಗೊತ್ತಿದೆ!! — ಒಬ್ಬ ನೆರೆಯವರು.' ಅದರ ಕೆಳಗೆ ಇನ್ಯಾರೋ ಪೆನ್ಸಿಲ್‌ನಲ್ಲಿ, 'ಸರಿಯಾಗಿ ಹೇಳಿದಿರಿ.' ಹೆಸರು ಯಾರೂ ಹಾಕುವುದಿಲ್ಲ. ಎದುರಿಗೆ ಸಿಕ್ಕಾಗ ನಗುತ್ತಾರೆ, ಹವಾಮಾನ ಮಾತಾಡುತ್ತಾರೆ, ಲಿಫ್ಟ್‌ನ ಬಾಗಿಲು ಹಿಡಿದುಕೊಳ್ಳುತ್ತಾರೆ. ಆಮೇಲೆ ಮನೆಗೆ ಹೋಗಿ ಪೆನ್ನು ತೆಗೆಯುತ್ತಾರೆ. ಬಾಗಿಲು ತಟ್ಟಿ ಹೇಳಿದರೆ ಎರಡು ನಿಮಿಷದಲ್ಲಿ ಮುಗಿಯುವ ಮಾತು. ನಾನೂ ತಟ್ಟುವವನಲ್ಲ, ಬೇರೆಯವರನ್ನು ಬೈದು ಏನು ಪ್ರಯೋಜನ.

'ಕದಿಯುವವರು' ಅಂದರೆ ಹೆಡ್ವಿಗ್. ನನ್ನ ಎದುರು ಮನೆ. ಹೆರಿಗೆ ವಾರ್ಡಿನಲ್ಲಿ ಕೆಲಸ, ಬಹುಪಾಲು ರಾತ್ರಿ ಪಾಳಿ. ಮನೆ ಅವಳದಲ್ಲ, ಮಾಲೀಕ ಕೆಲಸಕ್ಕೆಂದು ಉತ್ತರಕ್ಕೆ ಹೋಗಿದ್ದಾನೆ, ಇವಳು ಮರುಬಾಡಿಗೆಗೆ ಇದ್ದಾಳೆ. ಗುನ್ವೋರ್ ತಮ್ಮ ಸಮಯಕ್ಕೆ ಸರಿಯಾಗಿ ಬುಟ್ಟಿ ಹಿಡಿದು ಇಳಿದರೆ ಮೆಶಿನ್‌ನಲ್ಲಿ ಹೆಡ್ವಿಗ್‌ಳ ಬಟ್ಟೆ ತಿರುಗುತ್ತಿರುತ್ತದಂತೆ. ಒಂದು ಸಲವಲ್ಲ, ಮೂರು ಸಲ.

ಬುಕಿಂಗ್ ಆಪ್ ನಾನೇ ಬರೆದದ್ದು. ಕಟ್ಟಡದ ವಸತಿ ಸಂಘಕ್ಕೆ ಪುಕ್ಕಟೆ ಸೇವೆ. ಅದು ಇದ್ದೂ ಇಷ್ಟು ಜಗಳ. ಜನಕ್ಕೆ ಏನು ಮಾಡಿಕೊಟ್ಟರೂ ಅಷ್ಟೇ.

ಫೆಬ್ರವರಿ 4, ಬುಧವಾರ

ಮೆಟ್ಟಿಲಲ್ಲಿ ಸ್ಟೂರೆ ಅಡ್ಡ ಹಾಕಿದರು. ನಮ್ಮ ವಸತಿ ಸಂಘದ ಅಧ್ಯಕ್ಷ, ನಿವೃತ್ತ ಭೂಗೋಳದ ಮೇಷ್ಟ್ರು. ಈಗಲೂ ಮಾತಾಡುವಾಗ ಎದುರಿನ ಗೋಡೆಯಲ್ಲಿ ನಕಾಶೆ ಇದ್ದ ಹಾಗೆ ಕೈ ಆಡಿಸುತ್ತಾರೆ.

"ಟೋರ್ಕೆಲ್, ಜನವರಿಯ ಬುಕಿಂಗ್ ಎಲ್ಲ ತೆಗೆದುಕೊಡ್ತೀಯಾ?"

"ಯಾಕೆ ಬೇಕಿತ್ತು?"

"ಮುಂದಿನ ಗುರುವಾರ ಸಮಿತಿ ಸಭೆ. ಹೆಡ್ವಿಗ್ ಮರುಬಾಡಿಗೆ ಇನ್ನೊಂದು ವರ್ಷಕ್ಕೆ ಒಪ್ಪಿಗೆ ಕೇಳಿದಾಳೆ. ದೂರು ಮೇಲೆ ದೂರು. ನಾವು ಗಾಳಿಮಾತು ನಂಬ್ಕೊಂಡು ಹೋಗೋಕಾಗಲ್ಲ ನೋಡು, ನ್ಯಾಯವಾಗಿ ನಡ್ಕೋಬೇಕು."

"ಬಟ್ಟೆ ಒಗೆದಿದ್ದಕ್ಕೆ ಮನೆ ಬಿಡಿಸ್ತೀರಾ?"

"ಬಟ್ಟೆಗಲ್ಲಪ್ಪಾ. ಸುಳ್ಳಿಗೆ. ಬುಕ್ ಮಾಡಿದೀನಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳಲ್ಲ."

ಮೇಲೆ ಬಂದು ತೆಗೆದು ನೋಡಿದೆ. ಜನವರಿಯಲ್ಲಿ ಹೆಡ್ವಿಗ್ ಹೆಸರಲ್ಲಿ ಒಂದೇ ಬುಕಿಂಗ್. ಗುನ್ವೋರ್ ಜೊತೆ ಜಗಳವಾದ ಮೂರು ದಿನವೂ ಹೆಸರು ಗುನ್ವೋರ್ ಅವರದು. ನನಗೇಕೋ ಬೇಜಾರಾಯಿತು. ಆದರೆ ಇರುವುದು ಇದೆ, ಇಲ್ಲದ್ದು ಇಲ್ಲ. ಮೇಲ್ ಮಾಡಿದೆ. ಸ್ಟೂರೆ ಕೂಡಲೇ ಉತ್ತರಿಸಿದರು: 'ನಾನು ಅಂದುಕೊಂಡ ಹಾಗೇ.' ಕೆಳಗೊಂದು ನಗುವ ಮುಖ. ಆ ನಗುವ ಮುಖ ನೋಡಿ ಮೈ ಉರಿಯಿತು.

ಫೆಬ್ರವರಿ 5, ಗುರುವಾರ

ಸೈಕಲ್ ನಿಲ್ಲಿಸುವಲ್ಲಿ ಹೆಡ್ವಿಗ್ ಸಿಕ್ಕಿದಳು. ಪಾಳಿ ಮುಗಿಸಿ ಬಂದಿದ್ದಳು, ಕಣ್ಣು ಕೆಂಪು. ಬೀಗ ಹಾಕಲು ಬಗ್ಗಿದವಳು ತಲೆ ಎತ್ತದೆಯೇ ಕೇಳಿದಳು.

"ಸ್ಟೂರೆಗೆ ಲೆಕ್ಕ ತೆಗೆದುಕೊಟ್ಟೆಯಂತೆ."

"ಕೇಳಿದ್ರು. ಕೊಟ್ಟೆ."

"ಅದ್ರಲ್ಲಿ ನನ್ನ ಹೆಸರಿಲ್ಲ."

"ಒಂದು ಸಲ ಇದೆ."

"ನಾಲ್ಕು ಸಲ ಬುಕ್ ಮಾಡಿದೀನಿ ಟೋರ್ಕೆಲ್. ನಾಲ್ಕು ಸಲವೂ ಹಸಿರು ಬಂತು. 'ಬುಕ್ ಆಗಿದೆ' ಅಂತ ನಿನ್ನ ಆಪೇ ಹೇಳ್ತು."

"ಸರ್ವರ್‌ನಲ್ಲಿ ಇಲ್ಲ ಹೆಡ್ವಿಗ್. ನಾನೇನು ಮಾಡ್ಲಿ?"

ನೆಟ್ಟಗೆ ನಿಂತು ನನ್ನನ್ನು ನೋಡಿದಳು. "ಅಂದ್ರೆ ನಾನು ಸುಳ್ಳಿ."

ಹಾಗಲ್ಲ ಎನ್ನಬೇಕಿತ್ತು. ಅವಳು ಕಾಯಲಿಲ್ಲ, ಹೋದಳು. ಇಡೀ ದಿನ ಕೆಲಸದಲ್ಲಿ ಮನಸ್ಸಿಲ್ಲ. ಆಫೀಸಿನ ಊಟಕ್ಕೆ ಬಟಾಣಿ ಸೂಪು, ಪ್ಯಾನ್‌ಕೇಕ್. ಎರಡೂ ರುಚಿಸಲಿಲ್ಲ. ಅವಳು ಸುಳ್ಳು ಹೇಳುವ ಹೆಂಗಸಲ್ಲ. ಹಾಗೆಂದು ಸರ್ವರ್ ಕೂಡ ಸುಳ್ಳು ಹೇಳುವುದಿಲ್ಲ. ಹಾಗಾದರೆ...?

ಫೆಬ್ರವರಿ 8, ಭಾನುವಾರ, ಬೆಳಗ್ಗೆ

ಎರಡು ದಿನ ಬರೆಯಲಿಲ್ಲ. ಮುನಿಸಿಕೊಂಡ ಎದುರು ಮನೆಯವರ ಬಾಗಿಲ ಮುಂದೆ ದಿನಾ ಓಡಾಡುವುದು ಎಂಥ ಹಿಂಸೆ ಎಂದು ಗೊತ್ತಿರಲಿಲ್ಲ. ನಿನ್ನೆ ಸಂಜೆ ಕಸ ಹಾಕಲು ಇಳಿದಾಗ ಕೊನೆಗೂ ಧೈರ್ಯ ಮಾಡಿ ಕೇಳಿದೆ.

"ಹೆಡ್ವಿಗ್, ನೀನು ಬುಕ್ ಮಾಡೋದು ಹೇಗೆ? ಮೊದಲಿಂದ ಹೇಳು."

"ಪೊಲೀಸ್ ವಿಚಾರಣೆನಾ?"

"ಬೈಯೋದು ಆಮೇಲೆ ಬೈ. ಈಗ ಹೇಳು."

ಹಾಲಿನ ಡಬ್ಬಿಗಳನ್ನು ಒಂದೊಂದೇ ಚಪ್ಪಟೆ ಮಾಡಿ ರಟ್ಟಿನ ತೊಟ್ಟಿಗೆ ಹಾಕುತ್ತ ಹೇಳಿದಳು. "ಇಪ್ಪತ್ತನೇ ತಾರೀಖು ಮುಂದಿನ ತಿಂಗಳ ಪಾಳಿ ಪಟ್ಟಿ ಬರುತ್ತೆ. ಟೀ ಕುಡೀತಾ ಕೂತು ನಾಲ್ಕು ವಾರದ್ದೂ ಒಂದೇ ಸಲ ಒತ್ತಿಬಿಡ್ತೀನಿ. ಟಕ್ ಟಕ್ ಟಕ್ ಟಕ್. ಆಮೇಲೆ ನೆನಪಿಟ್ಟುಕೊಳ್ಳೋ ತಲೆನೋವಿಲ್ಲ. ಯಾಕೆ, ಎಲ್ಲರೂ ಹಾಗೇ ಮಾಡಲ್ವಾ?"

ಮಾಡುವುದಿಲ್ಲ. ನಾವೆಲ್ಲ ಒಂದು ಸಲ ಒಗೆದ ಮೇಲೆ ಮುಂದಿನದನ್ನು ಬುಕ್ ಮಾಡುತ್ತೇವೆ. ಒಟ್ಟಿಗೆ ನಾಲ್ಕು ಒತ್ತುವವಳು ಈ ಕಟ್ಟಡದಲ್ಲಿ ಇವಳೊಬ್ಬಳೇ.

ಮೇಲೆ ಬಂದು ನಾನೂ ಒತ್ತಿದೆ. ಮಂಗಳವಾರ ಸಂಜೆ — ಹಸಿರು. ಮುಂದಿನ ಮಂಗಳವಾರ — ಹಸಿರು. ಅದರ ಮುಂದಿನದು — ಹಸಿರು. ಸರ್ವರ್‌ನಲ್ಲಿ ನೋಡಿದರೆ ಮೊದಲನೆಯದೊಂದೇ!

ನಗು ಬಂತು. ಒಬ್ಬನೇ ಅಡುಗೆಮನೆಯಲ್ಲಿ ನಿಂತು ಜೋರಾಗಿ ನಕ್ಕೆ.

ಅದೇ ದಿನ, ಮಧ್ಯಾಹ್ನ

ಕೋಡ್ ತೆಗೆದು ಓದಿದೆ. ಓದಲು ಏನಿದೆ, ಎರಡೇ ಸಾಲು. ಉತ್ತರ ಬಂತೇ? ಹಸಿರು. ಬರಲಿಲ್ಲವೇ? ಕೆಂಪು. ಬಂದ ಉತ್ತರ ಏನು ಹೇಳುತ್ತಿದೆ ಎಂದು ನೋಡುವ ಗೋಜಿಗೇ ನಾನು ಹೋಗಿಲ್ಲ.

ಹಳೆಯ ಸರ್ವರ್‌ಗೆ ಅಷ್ಟು ಸಾಕಾಗಿತ್ತು. ಅದು ಒರಟು. ಆಗುವುದಿಲ್ಲ ಎನ್ನುವ ಬದಲು ಮಾತೇ ಆಡದೆ ಸಂಪರ್ಕ ಕಡಿದುಬಿಡುತ್ತಿತ್ತು. ಮೌನ ಎಂದರೆ ಇಲ್ಲ ಎಂದು ಅರ್ಥ. ಶರತ್ಕಾಲದಲ್ಲಿ ಸಂಘ ಹೊರಗಿನ ಒಂದು ಕಂಪನಿಯಿಂದ ಹೊಸ ಸರ್ವರ್ ತೆಗೆದುಕೊಂಡಿತು. ನಾನು ಒಂದು ಸಂಜೆ ಕೂತು ಆಪ್ ಅನ್ನು ಅದಕ್ಕೆ ಜೋಡಿಸಿ ಕೈ ತೊಳೆದುಕೊಂಡೆ. ಈ ಹೊಸದು ಮಹಾ ಸಭ್ಯ. ಏನೇ ಕೇಳಿದರೂ ಉತ್ತರ ಕೊಡುತ್ತದೆ — ಇಲ್ಲ ಎನ್ನುವುದಕ್ಕೂ. ಮೊದಲು ಒಂದು ಸಂಖ್ಯೆ. ಇನ್ನೂರರ ಸಾಲಿನದಾದರೆ ಆಯಿತು ಎಂದು. ನಾನೂರರದಾದರೆ ನೀನು ಕೇಳಿದ್ದರಲ್ಲೇ ಏನೋ ತೊಂದರೆ. ಐನೂರರದಾದರೆ ನನಗೇ ಹುಷಾರಿಲ್ಲ, ಆಮೇಲೆ ಬಾ. ಸಂಖ್ಯೆಯ ಹಿಂದೆ ಕಾರಣ ಕೂಡ.

ನನ್ನ ಎರಡನೇ ಬುಕಿಂಗ್‌ಗೆ ಬಂದ ಉತ್ತರ 409. ಅದರ ಕೆಳಗೆ ಅಚ್ಚುಕಟ್ಟಾಗಿ: 'ಈ ಮನೆಯ ಹೆಸರಿನಲ್ಲಿ ಒಂದು ಸಮಯ ಈಗಾಗಲೇ ಕಾಯ್ದಿರಿಸಲಾಗಿದೆ. ಅದು ಮುಗಿದ ನಂತರ ಮುಂದಿನದನ್ನು ಕಾಯ್ದಿರಿಸಬಹುದು.' ಮೂರು ತಿಂಗಳಿನಿಂದ ಹೆಡ್ವಿಗ್‌ಗೆ ಪ್ರತಿ ಸಲವೂ ಇದನ್ನೇ ಹೇಳಿದೆ. ನಡುವೆ ನಿಂತ ನನ್ನ ಆಪ್ ಅದನ್ನು ಕೇಳಿಸಿಕೊಳ್ಳದೆ ಅವಳಿಗೆ ಹಸಿರು ತೋರಿಸಿದೆ. ಅವಳಿಗೆ ಸಿಗದ ಆ ಹೊತ್ತು ಖಾಲಿಯೇ ಉಳಿದು, ಗುನ್ವೋರ್ ಬುಕ್ ಮಾಡಿಕೊಂಡಿದ್ದಾರೆ. ಕ್ಯಾಲೆಂಡರ್‌ನಲ್ಲಿ ಹೆಸರು ತೋರಿಸುವ ವ್ಯವಸ್ಥೆಯನ್ನೂ ನಾನು ಮಾಡಿಲ್ಲ. ಯಾರೇ ಹಿಡಿದಿರಲಿ ಒಂದೇ ಬೂದು ಬಣ್ಣ. ಆ ಬೂದು ನೋಡಿ ಹೆಡ್ವಿಗ್ ತನ್ನದೇ ಎಂದುಕೊಂಡಿದ್ದಾಳೆ.

ತಪ್ಪು ನನ್ನದು. ಪೂರ್ತಿ ನನ್ನದು. ಅಬ್ಬಾ! ತಪ್ಪು ನನ್ನದೆಂದು ಗೊತ್ತಾಗಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವಳು ಸುಳ್ಳಿಯಲ್ಲ.

ಫೆಬ್ರವರಿ 9, ಸೋಮವಾರ

ಖಚಿತ ಮಾಡಿಕೊಳ್ಳಲು ಸರ್ವರ್ ಕಂಪನಿಗೆ ಫೋನ್. ಯಾರೋ ಹುಡುಗಿ, ಉತ್ಸಾಹದ ದನಿ.

"409 ಕಳ್ಸಿದ್ವಾ? ಹೌದು, ಕಳ್ಸಿದೀವಿ. ಕಾರಣ ಸಮೇತ."

"ಗೊತ್ತಾಯ್ತು. ನನ್ನ ಆಪ್ ಅದನ್ನ ಓದ್ತಿರ್ಲಿಲ್ಲ."

"ಓ! ಹಾಗಾದ್ರೆ ಏನು ತೋರಿಸ್ತಿತ್ತು?"

"ಬುಕ್ ಆಗಿದೆ ಅಂತ."

ಪಾಪ ಬಹಳ ನಯವಾಗಿ, "ಅದು... ಒಂಥರಾ ಆಶಾವಾದ" ಅಂದಳು. ಪಕ್ಕದಲ್ಲಿ ಯಾರೋ ನಕ್ಕಿದ್ದೂ ಕೇಳಿಸಿತು. ನಗಲಿ.

ಹೆಡ್ವಿಗ್‌ಗೆ ಹೇಳಬೇಕು. ಹಾಳೆ ತೆಗೆದು ಬರೆದೆ. 'ಪ್ರಿಯ ಹೆಡ್ವಿಗ್, ತಾಂತ್ರಿಕ ದೋಷದ ಕಾರಣದಿಂದ...' ಟೇಪು ಹುಡುಕುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹರಿದು ಹಾಕಿದೆ. ಎದುರು ಬಾಗಿಲಿಗೆ ಎಷ್ಟು ಹೆಜ್ಜೆ ಮಹಾ! ಹೋಗಿ ತಟ್ಟಿದೆ.

ಕೋಟು ಹಾಕಿಕೊಂಡು ಹೊರಟು ನಿಂತಿದ್ದಳು. ಒಂದೇ ಉಸಿರಿಗೆ ಹೇಳಿದೆ — ಸರ್ವರ್ ಇಲ್ಲ ಅಂದಿತ್ತು, ನನ್ನ ಆಪ್ ಹೂಂ ಅಂದಿದೆ, ನಿನಗೆ ಬಂದದ್ದು ಸುಳ್ಳು ಹಸಿರು, ನಾನೇ ಬರೆದ ಸುಳ್ಳು, ಕ್ಷಮಿಸು.

ಕೋಟಿನ ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟಳು. ಆಮೇಲೆ ಹೊಸಿಲ ಮೇಲೇ ಕೂತಳು.

"ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೋ."

"ಹೆಡ್ವಿಗ್..."

"ಒತ್ತಿದ್ದು ನೆನಪಿದೆ, ಹಸಿರು ಬಂದಿದ್ದು ನೆನಪಿದೆ. ಆದ್ರೆ ಎಲ್ಲರೂ ಇಲ್ಲ ಅಂತಾರೆ. ನೆನಪೇ ಹೀಗೆ ಕೈ ಕೊಡ್ತಿದ್ರೆ ಅಲ್ಲಿ ಏನು ಮಾಡ್ತಿದೀನೋ ಅಂತ ಹೆದರಿಕೆ ಶುರುವಾಯ್ತು. ವಾರ್ಡ್‌ನಲ್ಲಿ ಇಂಜೆಕ್ಷನ್ ಕೊಡೋ ಮುಂಚೆ ಮೂರು ಮೂರು ಸಲ ನೋಡ್ತಿದ್ದೆ. ಮನೆಗೆ ಬಂದು ಅಲ್ಲಿಗೆ ಫೋನ್ ಮಾಡಿ, ನಾನು ಅದು ಮಾಡಿದೆನಾ, ಇದು ಮಾಡಿದೆನಾ ಅಂತ ಕೇಳ್ತಿದ್ದೆ."

ಇಷ್ಟು ದೂರ ಹೋಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಅತ್ತಳು, ಮೂಗೊರೆಸಿಕೊಂಡಳು, ಗಡಿಯಾರ ನೋಡಿಕೊಂಡಳು. "ಬಸ್ ಹೋಯ್ತು ನಿನ್ನಿಂದ" ಎಂದು ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟು ಎದ್ದಳು. ಗುದ್ದು ಜೋರಾಗಿಯೇ ಇತ್ತು. ಖುಷಿಯಾಯಿತು.

ಫೆಬ್ರವರಿ 12, ಗುರುವಾರ

ಸಮಿತಿ ಸಭೆ ಸ್ಟೂರೆ ಅಡುಗೆಮನೆಯಲ್ಲಿ. ಕಾಫಿ, ಏಲಕ್ಕಿ ಬನ್. ಗುನ್ವೋರ್ ಕಾರ್ಯದರ್ಶಿ, ಬರೆಯುವ ಕೆಲಸ ಅವರದೇ, ಇನ್ಯಾರು ಬರೆಯುತ್ತಾರೆ. ಹೆಡ್ವಿಗ್‌ಳನ್ನು ಕರೆದಿರಲಿಲ್ಲ; ನಾನು ಕರೆದುಕೊಂಡು ಹೋದೆ. ಅವಳು ಕಿಟಕಿಯ ಪಕ್ಕದ ಸ್ಟೂಲ್ ಮೇಲೆ ಕೂತಳು. ಅವಳಿಗೆ ಕಾಫಿ ಕೊಡಬೇಕೋ ಬೇಡವೋ ಎಂದು ಸ್ಟೂರೆ ಪರದಾಡಿ ಕೊನೆಗೆ ಅರ್ಧ ಕಪ್ ಕೊಟ್ಟರು.

ಮಾತಿನಲ್ಲಿ ವಿವರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ಗೊತ್ತಿತ್ತು.

"ಸ್ಟೂರೆ, ನಿಮ್ಮ ಫೋನ್ ತೆಗೀರಿ. ಮುಂದಿನ ವಾರ ಒಂದು ಸಮಯ ಬುಕ್ ಮಾಡಿ."

ಒತ್ತಿದರು. "ಹಸಿರು."

"ಅದರ ಮುಂದಿನ ವಾರ ಇನ್ನೊಂದು."

"ಹಸಿರು."

"ಇನ್ನೂ ಒಂದು."

"ಹಸಿರೇ. ಏನು ಇದು, ಇಂದ್ರಜಾಲವಾ?"

"ಈಗ ಎಲ್ಲರೂ ಎದ್ದು ನೆಲಮಾಳಿಗೆಗೆ ಬನ್ನಿ."

ಒಗೆಯುವ ಕೋಣೆಯ ಬಾಗಿಲಲ್ಲಿ ಕಂಪನಿಯವರೇ ಕೂರಿಸಿದ ಪುಟ್ಟ ಪರದೆ ಇದೆ. ಅದು ನೇರ ಸರ್ವರ್‌ನದು, ನನ್ನ ಆಪ್ ಅದನ್ನು ಮುಟ್ಟಿಲ್ಲ. ಕೀಲಿಯ ಬದಲು ನಾವೆಲ್ಲ ಇಟ್ಟುಕೊಂಡಿರುವ ಬಿಲ್ಲೆಯನ್ನು ಅದರ ಮುಂದೆ ಹಿಡಿದರೆ ಅವರವರ ಬುಕಿಂಗ್ ತೋರಿಸುತ್ತದೆ. ಅದನ್ನು ಯಾರೂ ಉಪಯೋಗಿಸುವುದಿಲ್ಲ, ಆಪ್ ಇರುವಾಗ ಯಾಕೆ. ಸ್ಟೂರೆ ಬಿಲ್ಲೆ ಹಿಡಿದರು. ಒಂದೇ ಒಂದು ಬುಕಿಂಗ್. ಇನ್ನೊಮ್ಮೆ ಹಿಡಿದರು. ಒಂದೇ.

"ನಾನು ಮೂರು ಒತ್ತಿದೆ. ನೀವೆಲ್ಲ ನೋಡಿದಿರಿ."

"ನೋಡಿದ್ವಿ" ಎಂದಳು ಹೆಡ್ವಿಗ್. ಸಭೆಯಲ್ಲಿ ಅವಳಾಡಿದ ಮೊದಲ ಮಾತು. "ಆದ್ರೆ ಲೆಕ್ಕದಲ್ಲಿ ಇಲ್ವಲ್ಲ ಸ್ಟೂರೆ. ಹಾಗಾದ್ರೆ ನೀವು ಸುಳ್ಳು ಹೇಳ್ತಿದೀರಿ."

ಮೇಷ್ಟ್ರ ಕಿವಿ ಕೆಂಪಾದದ್ದು ನಾನು ಕಂಡದ್ದು ಇದೇ ಮೊದಲು. "ಒಂದು ಮನೆಗೆ ಒಂದೇ ಅನ್ನೋ ನಿಯಮ ಯಾವ ಪುಣ್ಯಾತ್ಮ ಹಾಕಿದ್ದು?" ಎಂದು ಗುಡುಗಿದರು.

ಗುನ್ವೋರ್ ನೆಲ ನೋಡುತ್ತ ಹೇಳಿದರು, "ಅಕ್ಟೋಬರ್ ಸಭೆ. ನೀವೇ ಸೂಚಿಸಿದ್ದು. ನಾನೇ ಬರ್ಕೊಂಡಿದ್ದು."

ಮರುಬಾಡಿಗೆಗೆ ಒಪ್ಪಿಗೆ. ಯಾರ ವಿರೋಧವೂ ಇಲ್ಲ. ಮೇಲೆ ಹೋಗಿ ಹೆಡ್ವಿಗ್‌ಗೆ ಪೂರ್ತಿ ಕಪ್ ಕಾಫಿ. ಗುನ್ವೋರ್ ಮಾತ್ರ ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಬರೆದುಕೊಳ್ಳುತ್ತಲೇ ಇದ್ದರು, ಬರೆಯುವಂಥದ್ದು ಏನೂ ಇಲ್ಲದಿದ್ದರೂ.

ಫೆಬ್ರವರಿ 14, ಶನಿವಾರ

ನಾನೊಬ್ಬ ಕತ್ತೆ.

ಅವಸರದಲ್ಲಿ ಆಪ್ ತಿದ್ದಿ ನಿನ್ನೆ ಸಂಜೆ ಎಲ್ಲರಿಗೂ ಬಿಟ್ಟೆ. ಈಗ ಉತ್ತರ ಓದುತ್ತದೆ. ಆಗಿಲ್ಲ ಎಂದರೆ ಮತ್ತೆ ಕೇಳುತ್ತದೆ. ಅಲ್ಲಿಗೆ ಸರಿ ಅಂದುಕೊಂಡೆ. ಆದರೆ 409 ಎಂದರೂ ಮತ್ತೆ ಕೇಳುತ್ತದೆ. ಎಷ್ಟು ಸಲ ಎಂದು ಮಿತಿ ಹಾಕಿಲ್ಲ. ಇವತ್ತು ಬೆಳಗ್ಗೆ ಗುನ್ವೋರ್ ತಮ್ಮ ಹೆಸರಲ್ಲಿ ಆಗಲೇ ಒಂದು ಸಮಯ ಇದ್ದೂ ಇನ್ನೊಂದಕ್ಕೆ ಒಂದು ಸಲ ಒತ್ತಿದ್ದಾರೆ. ಅಂಗಡಿಯಲ್ಲಿ ಚಾಕಲೇಟಿಗೆ ಹಠ ಹಿಡಿದ ಮಗುವಿನ ಹಾಗೆ ಆಪ್ ಕೊಡು ಕೊಡು ಕೊಡು ಎಂದು ಸರ್ವರ್‌ನ ಜೀವ ತಿಂದಿದೆ. ಕೊನೆಗೆ ಅದು 429 ಎಂದಿತು — ವಿಪರೀತ ಕೇಳುತ್ತಿದ್ದೀರಿ, ಸ್ವಲ್ಪ ಬಿಟ್ಟು ಬನ್ನಿ. ಆಪ್ ಅದನ್ನೂ 'ಆಗಿಲ್ಲ' ಎಂದೇ ತಿಳಿದು ಮತ್ತೆ ಕೇಳಿತು! ಸರ್ವರ್ ಇಡೀ ಕಟ್ಟಡದ ಬುಕಿಂಗ್ ಬಂದ್ ಮಾಡಿತು. ಶನಿವಾರ, ಎಲ್ಲರಿಗೂ ಬಟ್ಟೆ ಒಗೆಯುವ ದಿನ.

ಹೆಡ್ವಿಗ್ ನಗುನಗುತ್ತ ಬಾಗಿಲಿಗೆ ಬಂದಳು. "ಇವತ್ತು ಯಾರ ಬಟ್ಟೆಯೂ ಒಗೆಯೋ ಹಾಗಿಲ್ವಂತೆ. ನಂಗೆ ಎಷ್ಟು ಸಮಾಧಾನ ಗೊತ್ತಾ?"

ಫೆಬ್ರವರಿ 17, ಮಂಗಳವಾರ

ಈ ಸಲ ನಿಧಾನವಾಗಿ ಕೂತು ಬರೆದೆ. ಎಲ್ಲ 'ಇಲ್ಲ'ಗಳೂ ಒಂದೇ ಅಲ್ಲ. ಸರ್ವರ್ ಕಾರಣ ಕೊಟ್ಟು ಆಗುವುದಿಲ್ಲ ಎಂದರೆ, ಆ ಕಾರಣವನ್ನು ಹಾಗೇ ತೋರಿಸಿ ಸುಮ್ಮನಾಗಬೇಕು. ಮತ್ತೆ ಕೇಳಿದರೂ ಅದೇ ಉತ್ತರ. ತನಗೇ ಹುಷಾರಿಲ್ಲ ಎಂದರೆ, ಸ್ವಲ್ಪ ಕಾಯಬೇಕು, ಮತ್ತೆ ಕೇಳಬೇಕು, ಆಗಲೂ ಆಗದಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು, ಕೊನೆಗೊಮ್ಮೆ ಬಿಡಬೇಕು. ಉತ್ತರವೇ ಬರದಿದ್ದರೆ? ಅದೇ ಕಷ್ಟದ್ದು. ಕೇಳಿದ್ದು ತಲುಪಿತೋ, ದಾರಿಯಲ್ಲಿ ಬಿತ್ತೋ ಗೊತ್ತಿಲ್ಲ. ಆಗ ಮತ್ತೆ ಬುಕ್ ಮಾಡಬಾರದು; ಮೊದಲು, 'ನನ್ನ ಹೆಸರಲ್ಲಿ ಇದು ಇದೆಯಾ' ಎಂದು ವಿಚಾರಿಸಬೇಕು. ಅದು ತಿಳಿಯುವವರೆಗೆ ಹಸಿರೂ ಅಲ್ಲ, ಕೆಂಪೂ ಅಲ್ಲ. ಹಳದಿ. 'ಇನ್ನೂ ಗೊತ್ತಿಲ್ಲ' ಎಂದು ಬರೆದೆ. ಆಪ್‌ನ ಬಾಯಲ್ಲಿ ಈ ಮಾತು ಹಾಕುವಾಗ ಏನೋ ಹಿತ.

ಬಿಟ್ಟು ಅರ್ಧ ದಿನವಾಗಿಲ್ಲ, ದೂರು ಶುರು. ಸ್ಟೂರೆ ಫೋನ್.

"ಟೋರ್ಕೆಲ್, ಕೆಂಪು ಬರ್ತಿದೆ."

"ಕಾರಣ ಬರೆದಿದೆಯಲ್ಲ, ಓದಿ."

"ಓದಿದೆ. ಚೆನ್ನಾಗಿಲ್ಲ. ಮುಂಚೆ ಯಾವಾಗ್ಲೂ ಹಸಿರು ಬರ್ತಿತ್ತು."

"ಮುಂಚೆ ಅದು ಸುಳ್ಳು ಹೇಳ್ತಿತ್ತು."

"ಆದ್ರೂ ನೋಡೋಕೆ ಹಿತವಾಗಿತ್ತು. ಇನ್ನು ಈ ಹಳದಿ — ಆಪ್‌ಗೇ ಗೊತ್ತಿಲ್ಲ ಅಂದ್ರೆ ಇನ್ಯಾರನ್ನ ಕೇಳೋದಪ್ಪಾ?"

ಫೋನ್ ಇಟ್ಟು ಬೇಕರಿಗೆ ಹೋಗಿ ಕ್ರೀಮ್ ಬನ್ ತಂದೆ. ಈಸ್ಟರ್ ಉಪವಾಸದ ಹಿಂದಿನ ಮಂಗಳವಾರ, ಊರಿಗೆ ಊರೇ ಅದನ್ನು ತಿನ್ನಲೇಬೇಕಾದ ದಿನ. ಎರಡು ತಂದೆ. ಒಂದು ಹೆಡ್ವಿಗ್‌ಗೆ. ಬಾಗಿಲು ತಟ್ಟುವುದು ಅಭ್ಯಾಸವಾಗುತ್ತಿದೆ.

ಫೆಬ್ರವರಿ 20, ಶುಕ್ರವಾರ

ಹೆಡ್ವಿಗ್‌ಳ ಪಾಳಿ ಪಟ್ಟಿ ಬಂತು. ಮಧ್ಯಾಹ್ನ ಆಸ್ಪತ್ರೆಯಿಂದಲೇ ಸ್ಕ್ರೀನಿನ ಚಿತ್ರ ಕಳಿಸಿದಳು. ಮೊದಲನೆಯದು ಹಸಿರು. ಎರಡನೆಯದು ಕೆಂಪು, ಸರ್ವರ್‌ನ ಆ ಸಭ್ಯ ವಾಕ್ಯ ಇಡಿಯಾಗಿ. ಕೆಳಗೆ ಅವಳು: 'ಎಷ್ಟು ಚೆಂದದ “ಇಲ್ಲ”!'

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಒಟ್ಟಿಗೆ ಲಿಫ್ಟ್ ಹತ್ತಿದೆವು. ಅಲ್ಲಿ ಹೇಳಿದಳು — ಲಿನ್‌ಶೋಪಿಂಗ್‌ನಲ್ಲಿ ಒಂದು ಮನೆ ಸಿಕ್ಕಿದೆ. ಜಗಳದ ಹೊತ್ತಿನಲ್ಲಿ ಅರ್ಜಿ ಹಾಕಿದ್ದು. ಅಲ್ಲಿನ ಆಸ್ಪತ್ರೆಯವರೂ ಬಾ ಎನ್ನುತ್ತಿದ್ದಾರೆ. ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಈಗ ಎಲ್ಲ ಸರಿಹೋಯ್ತಲ್ಲ" ಎಂದೆ.

"ಒಪ್ಪಿಗೆ ಸಿಕ್ತು. ಸರಿಹೋಗಿದೆಯೋ ಇಲ್ವೋ ಗೊತ್ತಿಲ್ಲ. ಕೆಳಗಿನ ಬಾಗಿಲು ನೋಡಿದೆಯಾ?"

ನೋಡಿದ್ದೆ. ಸಮಿತಿಯ ಹೊಸ ಚೀಟಿ. 'ಇತ್ತೀಚಿನ ಗೊಂದಲಕ್ಕೆ ತಾಂತ್ರಿಕ ದೋಷ ಕಾರಣ. ಸಂಬಂಧಪಟ್ಟವರಿಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ದುಂಡು ಅಕ್ಷರ, ನಾಲ್ಕು ಮೂಲೆಗೂ ಟೇಪು.

"ಸಂಬಂಧಪಟ್ಟವಳು ನಾನು" ಎಂದಳು. "ಮೂರನೇ ಮಹಡೀಲಿ ಇರ್ತೀನಿ. ಬಾಗಿಲ ಮೇಲೆ ಹೆಸರಿದೆ. ಕಳ್ಳಿ ಅಂತ ಬರೆದವರಲ್ಲಿ ಒಬ್ಬರಾದ್ರೂ ಬಂದು ತಟ್ಟಿ ನನ್ನ ಮುಖ ನೋಡಿ ಮಾತಾಡಿದ್ರೆ ಇಲ್ಲೇ ಇರ್ತೀನಿ ಟೋರ್ಕೆಲ್. ಇಲ್ಲದಿದ್ರೆ ಬಟ್ಟೆ ಒಗೆಯೋಕೆ ಇಳಿಯುವಾಗೆಲ್ಲ ಮೊದಲು ಅಲ್ಲಿ ಯಾರಾದ್ರೂ ಇದಾರಾ ಅಂತ ಬಗ್ಗಿ ನೋಡ್ತಿರ್ಬೇಕು. ಹಾಗೆ ಬದುಕೋಕಾಗಲ್ಲ."

ನಾನು ತಟ್ಟಿದೆನಲ್ಲ ಎನ್ನಲು ಹೋದೆ. ಆದರೆ ನಾನು ಚೀಟಿ ಬರೆದವನಲ್ಲ.

ಫೆಬ್ರವರಿ 21, ಶನಿವಾರ

ಗುನ್ವೋರ್ ಮನೆಗೆ ಹೋಗಿದ್ದೆ. ಎರಡನೇ ಮಹಡಿ. ಬಾಗಿಲು ತೆರೆದವರೇ ಗಾಬರಿಯಾದರು. ಅವರ ಮನೆಗೂ ಯಾರೂ ಬರುವುದಿಲ್ಲ ಎಂದು ಕಾಣುತ್ತದೆ. ಒಳಗೆ ಕರೆದು ಮೇಜಿನ ಮೇಲಿನ ಹಾಳೆ, ಪೆನ್ನು ಬದಿಗೆ ಸರಿಸಿದರು. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ. ನಾಳೆ ಸಂಜೆಯೊಳಗೆ ಹೆಡ್ವಿಗ್ ನಿರ್ಧಾರ ಮಾಡುತ್ತಾಳೆ. ಅವಳಿಗೆ ಬೇಕಿರುವುದು ಇಷ್ಟೇ.

"ನಾನು ಬರೆದು ಹಾಕಿದೆನಲ್ಲ. ವಿಷಾದ ಅಂತಲೂ ಬರೆದಿದೀನಿ."

"ಅದು ಸಮಿತಿ ಬರೆದಿದ್ದು. ಮೊದಲಿನ ಚೀಟಿ ನೀವು ಬರೆದಿದ್ದು."

"ನಿನ್ನ ಆಪಿಂದ ಆಗಿದ್ದಲ್ವಾ ಇದೆಲ್ಲ?"

"ಹೌದು. ನಾನು ಹೋಗಿ ಕ್ಷಮೆ ಕೇಳಿದೆ. ಭುಜಕ್ಕೆ ಗುದ್ದಿದಳು."

"ನನಗೂ ಗುದ್ತಾಳಾ?"

ತಮಾಷೆಯಲ್ಲ, ನಿಜವಾಗಿ ಕೇಳಿದರು. ನಗು ತಡೆದುಕೊಂಡೆ. ಅವರು ಕಿಟಕಿಯ ಗಿಡಕ್ಕೆ ನೀರು ಹಾಕಿದರು, ಆಗಲೇ ಒದ್ದೆ ಇದ್ದ ಗಿಡಕ್ಕೆ.

"ಚೀಟಿ ಬರೆದ್ರೆ ಮುಗೀತು ನೋಡು. ಅಂಟಿಸ್ತೀನಿ, ಬರ್ತೀನಿ. ಬಾಗಿಲು ತಟ್ಟಿದ್ರೆ ಅವಳು ತೆಗೀತಾಳೆ. ಏನಾದ್ರೂ ಅಂತಾಳೆ. ಅವಳು ಏನಂತಾಳೋ, ನಾನು ನಿಂತು ಕೇಳ್ಬೇಕು."

"ಹೌದು. ನಿಂತು ಕೇಳ್ಬೇಕು."

"ನನ್ನ ಗಂಡ ಹೋದ ಮೇಲೆ ಯಾರ ಮನೆ ಬಾಗಿಲೂ ತಟ್ಟಿಲ್ಲ ನಾನು" ಎಂದರು. ಆಮೇಲೆ ತಲೆನೋವು ಎಂದು ನನ್ನನ್ನು ಕಳಿಸಿದರು. ಬೈಯಬೇಕೆಂದು ಹೋಗಿದ್ದೆ. ಅವರ ಮೇಲೆ ಕನಿಕರ ಹೊತ್ತುಕೊಂಡು ಬಂದೆ. ಅವರು ಬರುವುದಿಲ್ಲ. ಹೆಡ್ವಿಗ್ ಹೋಗುತ್ತಾಳೆ.

ಫೆಬ್ರವರಿ 22, ಭಾನುವಾರ, ಬೆಳಗ್ಗೆ

ಹೆಡ್ವಿಗ್ ಮನೆಯಲ್ಲಿದ್ದಾಳೆ, ರೇಡಿಯೊ ಕೇಳಿಸುತ್ತಿದೆ. ಹೋಗಿ ಇರು ಎಂದು ಬೇಡಿಕೊಳ್ಳಲೇ? ನನಗೆ ಅವಳು ಹೋಗುವುದು ಬೇಡ. ಇಲ್ಲಿ ಬರೆಯಲು ಏನು ನಾಚಿಕೆ, ಬೇಡ ಎಂದರೆ ಬೇಡ. ಆದರೆ ನನಗಾಗಿ ಇರು ಎನ್ನುವ ಹಕ್ಕು ನನಗೆಲ್ಲಿದೆ.

ಅದೇ ದಿನ, ಮಧ್ಯಾಹ್ನ

ಮೆಟ್ಟಿಲ ಮೇಲೆ ಯಾರೋ ಹತ್ತಿ ಬರುವ ಸದ್ದು. ಲಿಫ್ಟ್ ಇದ್ದೂ. ನಿಧಾನ. ನಮ್ಮ ಮಹಡಿಯಲ್ಲಿ ನಿಂತರು. ಬಾಗಿಲ ಕಿಂಡಿಯಿಂದ ನೋಡಿದೆ (ನೋಡಬಾರದು, ನೋಡಿದೆ). ಗುನ್ವೋರ್. ಚರ್ಚಿಗೆ ಹೋಗುವ ಕೋಟು. ಕೈಯಲ್ಲಿ ಹಾಳೆ ಇಲ್ಲ, ಟೇಪು ಇಲ್ಲ. ಹೆಡ್ವಿಗ್ ಬಾಗಿಲ ಮುಂದೆ ಕೈ ಎತ್ತಿದರು, ಇಳಿಸಿದರು. ತಿರುಗಿ ಎರಡು ಮೆಟ್ಟಿಲು ಇಳಿದೇಬಿಟ್ಟರು. ಮತ್ತೆ ಹತ್ತಿದರು.

ತಟ್ಟಿದರು.

ರೇಡಿಯೊ ನಿಂತಿತು. ಬಾಗಿಲು ತೆರೆಯಿತು. ಗುನ್ವೋರ್ ಏನೋ ಶುರು ಮಾಡಿದರು, ಅರ್ಧಕ್ಕೇ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು, ಈ ಸಲ ಕೊನೆಯವರೆಗೂ. ಆಮೇಲೆ ಹೆಡ್ವಿಗ್ ಮಾತಾಡಿದಳು, ಬಹಳ ಹೊತ್ತು. ಗುನ್ವೋರ್ ಕದಲದೆ ನಿಂತು ಕೇಳಿದರು. ನಾನು ಕಿಂಡಿ ಬಿಟ್ಟು ಬಂದು ಮೇಜಿಗೆ ಕೂತೆ, ಅದು ಅವರಿಬ್ಬರದು. ಬಾಗಿಲು ಮುಚ್ಚಿದ ಸದ್ದು. ಯಾರೂ ಮೆಟ್ಟಿಲು ಇಳಿಯಲಿಲ್ಲ. ಇಬ್ಬರೂ ಒಳಗೇ ಇದ್ದಾರೆ!

ಈಗ ನನ್ನ ಬಾಗಿಲು. ಹೆಡ್ವಿಗ್ ದನಿ: "ಟೋರ್ಕೆಲ್, ಹಾಲಿದೆಯಾ? ಗುನ್ವೋರ್‌ಗೆ ಕರೀ ಕಾಫಿ ಆಗಲ್ವಂತೆ. ಲಿನ್‌ಶೋಪಿಂಗ್‌ನವರಿಗೆ ಬೇಡ ಅಂದುಬಿಟ್ಟೆ. ನಿಂಗೂ ಕಪ್ ಇಟ್ಟಿದೀನಿ, ಬೇಗ ಬಾ, ನಾವಿಬ್ರೇ ಇದ್ರೆ ಮಾತು ತೋಚ್ತಿಲ್ಲ."

ಹಾಲಿದೆ. ಅರ್ಧ ಡಬ್ಬಿ ಇದೆ. ತೆಗೆದುಕೊಂಡು ಹೊರಟೆ.